ಗೋಡೆಯ ಥಂಡಿ ಮತ್ತು ಬೀಜದ ಶೇಂಗಾ

ಮೊಳಕಾಲ್ಮುರು ತಾಲ್ಲೂಕಿನ ಬಿ.ಜಿ. ಕೆರೆ ಹಾಗೂ ನೆರೆಯ ಚಳ್ಳಕೆರೆ ಸೀಮೆಯು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಂತಹ ಕಡೆ ಮನೆಯ ಗೋಡೆ ಥಂಡಿ ಹಿಡಿಯುವುದೇ ಎಂದು ಕೇಳಬಹುದು. ಆದರೆ ವರ್ಷದ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಬೀಳುತ್ತದೆ. ಅದರ ಬೆನ್ನಿಗೇ ಶೇಂಗಾ ಕಾಯಿ ಮನೆ ಸೇರುತ್ತದೆ. ಹಸಿ ಆರದ ಗೋಡೆಗೆ ಬೀಜದ ಚೀಲ ಒರಗಿಸಿದರೆ ಮುಂದಿನ ಮುಂಗಾರಿನ ಬಿತ್ತನೆಗೇ ಸಂಚಕಾರ.

ಕಲೆ ಇರುವ ಜಾಗ ನೋಡಿರಿ

ಸುಣ್ಣ-ಬಣ್ಣ ಬಳಿಯುವ ಮೊದಲು ನೀರಿನ ಮೂಲ ಹುಡುಕಬೇಕು. ಕಲೆ ಗೋಡೆಯ ಮೇಲ್ಭಾಗದಲ್ಲಿದ್ದರೆ ಮಾಳಿಗೆ ಸೋರುತ್ತಿದೆ. ನಡುವೆ ಇದ್ದರೆ ಹೊರಗೋಡೆಯ ಬಿರುಕು ಅಥವಾ ಆಚೆ ಬದಿಯ ಬಚ್ಚಲು ಕಾರಣವಿರಬಹುದು. ನೆಲದಿಂದ ಎರಡು ಮೂರು ಅಡಿಯವರೆಗೆ ಪಟ್ಟಿಯಂತೆ ಹಬ್ಬಿ ಬಿಳಿಯ ಪುಡಿ ಉದುರುತ್ತಿದ್ದರೆ ಅದು ಬುನಾದಿಯಿಂದ ಏರಿದ ತೇವ. ಹೊಲದಲ್ಲಿ ಕೆಳಗಿನ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿ, ಆರಿ, ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟು ನೆಲವನ್ನು ಚೌಳು ಮಾಡುತ್ತದೆಯಲ್ಲವೆ? ಗೋಡೆಯಲ್ಲಿ ನಡೆಯುವುದೂ ಅದೇ.

ಸಂಶಯವಿದ್ದರೆ ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ಅಂಚುಗಳನ್ನು ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿರಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯದು. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯದು. ಗಾಳಿಯ ತೇವಕ್ಕೆ ಕಿಟಕಿ, ಬೆಳಕಿಂಡಿ ತೆರೆದಿಡುವುದೇ ಮದ್ದು.

ಪರಿಹಾರ

1. ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ಬೀಳದಂತೆ ದೋಣಿಯನ್ನು ಮುಂದಕ್ಕೆ ಚಾಚಿರಿ. ಬುಡದ ಸುತ್ತ ನೆಲವನ್ನು ಹೊರಕ್ಕೆ ಇಳಿಜಾರು ಮಾಡಿರಿ. ತಿಪ್ಪೆ, ಮಣ್ಣಿನ ರಾಶಿ ಗೋಡೆಗೆ ತಾಗದಿರಲಿ. ಬಚ್ಚಲ ನೀರನ್ನು ದೂರ ಹರಿಸಿರಿ.

2. ಮಣ್ಣಿನ ಮಾಳಿಗೆಗೆ ಚೌಳು ಮಣ್ಣು ಹಾಕುವ ಹಿರಿಯರ ಪದ್ಧತಿ ಸರಿಯಾದುದು. ಸೋಡಿಯಂ ಹೆಚ್ಚಿರುವ ಜೇಡಿಕಣಗಳು ನೆನೆದಾಗ ಚದುರಿ ರಂಧ್ರಗಳನ್ನು ಮುಚ್ಚಿ, ನೀರು ಇಳಿಯಗೊಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚಿರಿ. ಆದರೆ ಈ ಮಣ್ಣನ್ನು ಗೋಡೆಗೆ ಮೆತ್ತಬಾರದು. ಅದರ ಉಪ್ಪು ಗಿಲಾವನ್ನು ಉದುರಿಸುತ್ತದೆ.

3. ಕಲ್ಲು-ಮಣ್ಣಿನ ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ತೇವ ಒಳಗೇ ಸಿಕ್ಕಿ ಇನ್ನೂ ಮೇಲಕ್ಕೆ ಏರುತ್ತದೆ. ಕೆಟ್ಟ ಗಿಲಾವನ್ನು ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆದು, ಗೋಡೆ ಪೂರ್ತಿ ಆರಿದ ನಂತರ ಸುಣ್ಣದ ಗಾರೆ ಮಾಡಿಸಿರಿ.

4. ಹೊಸ ಮನೆ ಕಟ್ಟುವವರು ಬುನಾದಿಯ ಮೇಲೆ, ಗೋಡೆ ಏಳುವ ಮೊದಲು, ನೀರು ತಡೆಯುವ ಪದರವನ್ನು ತಪ್ಪದೆ ಹಾಕಿಸಬೇಕು. ಆಗ ಉಳಿಸಿದ ಖರ್ಚನ್ನು ಮುಂದೆ ವರ್ಷವರ್ಷವೂ ತೆರಬೇಕಾಗುತ್ತದೆ.

ಚೀಲಗಳ ಎಚ್ಚರ

ಶೇಂಗಾ ಕಾಯಿಯನ್ನು ತೇವಾಂಶ ಶೇಕಡಾ 8ಕ್ಕೆ ಇಳಿಯುವವರೆಗೆ ಒಣಗಿಸಿ ಚೀಲ ತುಂಬಬೇಕು. ಕಾಯಿ ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಒಟ್ಟಿರಿ. ಥಂಡಿ ತಗಲಿದ ಕಾಯಿಗೆ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಈ ವಿಷ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. ಹಿಂಡಿ ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ. ಆದ್ದರಿಂದ ಬೂಷ್ಟು ಹಿಡಿದ ಕಾಯಿಯನ್ನು ಮನೆಮಂದಿಗಾಗಲಿ ದನಕ್ಕಾಗಲಿ ಕೊಡಬಾರದು.

ರೈತ ಬಾಂಧವರು ಕಾಯಿ ಮನೆಗೆ ತರುವ ಮುನ್ನ ಗೋಡೆಯನ್ನೊಮ್ಮೆ ಅಂಗೈಯಿಂದ ಮುಟ್ಟಿ ನೋಡಲಿ. ತಣ್ಣಗೆ ಹಸಿಯೆನಿಸಿದರೆ ಆ ಕೋಣೆ ಬೀಜಕ್ಕೆ ತಕ್ಕುದಲ್ಲ.