ಬರೆಯುವಾಗ ಮಗು ಯಾರ ಕೈಯಲ್ಲಿ?

ಮನೆಯಲ್ಲಿ ಪುಟ್ಟ ಮಗು, ಹಗಲೆಲ್ಲ ಕಚೇರಿ, ಇವೆರಡರ ನಡುವೆ ಕಥೆಯನ್ನೋ ಕಾದಂಬರಿಯನ್ನೋ ಬರೆಯಬೇಕೆನ್ನುವವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಬೆಳಗ್ಗೆ ಬೇಗ ಏಳಿ. ಅಮೆರಿಕದ ಲೇಖಕಿ ಟೋನಿ ಮಾರಿಸನ್ ಹಾಗೇ ಮಾಡಿದರು, ನಿಜ. ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಸಾಕುತ್ತ, ರ‍್ಯಾಂಡಮ್ ಹೌಸ್ ಪ್ರಕಾಶನದಲ್ಲಿ ಸಂಪಾದಕಿಯಾಗಿ ದುಡಿಯುತ್ತ, ಮಕ್ಕಳು ಏಳುವ ಮುನ್ನ ನಸುಕಿನಲ್ಲಿ ಬರೆದರು. ಮೊದಲ ಕಾದಂಬರಿ ‘ದ ಬ್ಲೂಯೆಸ್ಟ್ ಐ’ 1970ರಲ್ಲಿ ಹೊರಬಂದಾಗ ಅವರಿಗೆ 39 ವರ್ಷ. ಆದರೆ ರಾತ್ರಿ ಮೂರು ಸಲ ಎದ್ದು ಹಾಲು ಕುಡಿಸಿದ ತಾಯಿಗೆ ನಾಲ್ಕೂವರೆಗೆ ಏಳು ಎನ್ನುವುದು ಸಲಹೆಯಲ್ಲ, ಶಿಕ್ಷೆ. ಎಷ್ಟು ಗಂಟೆಗೆ ಬರೆಯಬೇಕು ಎಂಬುದು ಆಮೇಲಿನ ಮಾತು. ಆ ಹೊತ್ತಿನಲ್ಲಿ ಮಗು ಯಾರ ಕೈಯಲ್ಲಿರುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಮಕ್ಕಳ ಆರೈಕೆಯ ಲೆಕ್ಕ ಇದರಿಂದ ಬೇರೆ. ಬರವಣಿಗೆಯ ಸಮಯ ಹುಟ್ಟಬೇಕಾದದ್ದು ಈ ಅಂತರ ಕಡಿಮೆಯಾದಾಗ. ತಾಯಿಯ ನಿದ್ದೆಯನ್ನು ಕತ್ತರಿಸಿ ಅಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ವಾರಕ್ಕೆ ಎರಡು ಸಲ, ದಿನ ಮತ್ತು ಗಂಟೆ ನಿಗದಿ ಮಾಡಿ, ಒಂದೂವರೆ ಗಂಟೆ ಬರೆಯುವವರದು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವವರಿಗೆ ಡಯಾಪರ್ ಎಲ್ಲಿದೆ, ಜ್ವರದ ಔಷಧಿ ಎಷ್ಟು ಹಾಕಬೇಕು, ಗಂಜಿ ಎಷ್ಟು ತೆಳ್ಳಗಿರಬೇಕು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ ಕೇಳುವಂತಿದ್ದರೆ ಹೊಣೆ ಕೈ ಬದಲಾಯಿಸಿಲ್ಲ ಎಂದೇ ಅರ್ಥ. ಬರೆಯುವವರು ಅಪ್ಪನಾಗಿದ್ದರೂ ಇದೇ ನಿಯಮ: ಅವರ ಪಾಲಿನ ಗಂಟೆ ಮುಗಿದ ಮೇಲೆ ಅಮ್ಮನಿಗೂ ಅಷ್ಟೇ ಹೊತ್ತು ಸಲ್ಲಬೇಕು, ಆಕೆ ಬರೆಯಲಿ, ಬಿಡಲಿ.

ಅಜ್ಜಿ ತಾತ ಜೊತೆಗಿದ್ದರೆ ಅವರನ್ನು ಕೇಳಿ, ಆದರೆ ಅವರ ಮಂಡಿನೋವು, ಮಧ್ಯಾಹ್ನದ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂಟಿ ಪೋಷಕರಾದರೆ ಅದೇ ವಯಸ್ಸಿನ ಮಗುವಿರುವ ನೆರೆಮನೆಯವರೊಂದಿಗೆ ಸರದಿ ಮಾಡಿಕೊಳ್ಳಬಹುದು: ಶನಿವಾರ ಎರಡೂ ಮಕ್ಕಳು ಅವರ ಮನೆಯಲ್ಲಿ, ಭಾನುವಾರ ನಿಮ್ಮ ಮನೆಯಲ್ಲಿ.

ಹೀಗೆ ದಕ್ಕಿದ ಸಮಯವೂ ಇಡಿಯಾಗಿ ಉಳಿಯುವುದಿಲ್ಲ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ಇಲ್ಲಿ ಬಹಳ ಮುಖ್ಯ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಸೊರಗುತ್ತದೆ. ಕಚೇರಿಯ ಇಮೇಲ್ ತಲೆಯಲ್ಲಿಟ್ಟುಕೊಂಡು ಕಥೆಗೆ ಕೂತಾಗ, ಕಥೆಯನ್ನು ತಲೆಯಲ್ಲಿಟ್ಟುಕೊಂಡು ಮಗುವಿಗೆ ಊಟ ಮಾಡಿಸುವಾಗ ಆಗುವುದು ಇದೇ. 2018ರಲ್ಲಿ ತೆರೇಸಾ ಗ್ಲಾಂಬ್ ಜೊತೆಗೂಡಿ ಅವರು ಇದಕ್ಕೊಂದು ಸರಳ ಉಪಾಯವನ್ನೂ ಪರೀಕ್ಷಿಸಿದರು: ಏಳುವ ಮುನ್ನ, ಎಲ್ಲಿಗೆ ನಿಲ್ಲಿಸಿದೆ, ಮರಳಿ ಬಂದು ಏನು ಮಾಡಬೇಕು ಎಂದು ಚುಟುಕಾಗಿ ಬರೆದಿಟ್ಟರೆ ಮನಸ್ಸು ಆ ಕೆಲಸವನ್ನು ಸುಲಭವಾಗಿ ಕೆಳಗಿಡುತ್ತದೆ.

ಲೇಖಕರಿಗೆ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಮಗು ಅತ್ತ ಕೂಡಲೇ ಕುರ್ಚಿ ಬಿಡಬೇಡಿ ಎನ್ನುತ್ತಿಲ್ಲ. ಆದರೆ ಸಾಮಾನ್ಯ ಅಡಚಣೆಯಾದರೆ ಅರ್ಧ ನಿಮಿಷ ತೆಗೆದುಕೊಂಡು ಹೀಗೆ ಗೀಚಿ: ‘ಸಾವಿತ್ರಿ ಬಸ್‌ಸ್ಟ್ಯಾಂಡಿನಲ್ಲಿದ್ದಾಳೆ. ಅಣ್ಣ ಬರುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲ, ಕಂಡಕ್ಟರಿಗೆ ಗೊತ್ತು. ಮುಂದಿನ ಮಾತು ಅವನದು.’ ನಾಲ್ಕು ದಿನ ಬಿಟ್ಟು ಬಂದರೂ ಮೊದಲಿನಿಂದ ಓದಿಕೊಂಡು ಬಿಸಿಯಾಗಬೇಕಿಲ್ಲ. ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಹದಿನೈದು ಹಳೆಯದನ್ನು ಓದುವುದಕ್ಕೇ ಹೋಗುವುದು ತಪ್ಪುತ್ತದೆ. ಕಚೇರಿಯಿಂದ ಹೊರಡುವಾಗಲೂ ನಾಳೆಯ ಮೊದಲ ಕೆಲಸವನ್ನು ಹೀಗೇ ಬರೆದಿಟ್ಟು ಬನ್ನಿ. ಸಂಜೆ ಮಗುವಿಗೆ ಪೂರ್ತಿ ಸಿಗುತ್ತೀರಿ.

ಬರವಣಿಗೆಯೆಲ್ಲ ಒಂದೇ ಜಾತಿಯ ಕೆಲಸವೂ ಅಲ್ಲ. ಮೊದಲ ಕರಡಿಗೆ ಮಾತ್ರ ಮುರಿಯದ ಗಂಟೆ ಬೇಕು. ಕ್ಯಾಲೆಂಡರಿನ ಆ ಎರಡು ಗುರುತುಗಳನ್ನು ಅದಕ್ಕೇ ಮೀಸಲಿಡಿ. ಕರಡು ತಿದ್ದುವುದು, ಕಾಗುಣಿತ ನೋಡುವುದು, ಪತ್ರಿಕೆಗೆ ಕಳಿಸುವುದು ಮೆಟ್ರೊದಲ್ಲೂ ಆಗುತ್ತದೆ. ಸಂಭಾಷಣೆ ಹೊಳೆದರೆ ಫೋನಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಬಹುದು. ಆದರೆ ಪಾತ್ರ ಕುಂದಾಪುರದ್ದೋ ಧಾರವಾಡದ್ದೋ ಮಾತಾಡಿದರೆ ಯಂತ್ರ ಅದನ್ನು ತನಗೆ ತಿಳಿದ ಕನ್ನಡಕ್ಕೆ ತಿರುಗಿಸಿಬಿಡುವುದುಂಟು. ಅಂಥಲ್ಲಿ ದನಿಯನ್ನೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಪ್ರಕಾರವನ್ನೂ ಮಗುವಿನ ವಯಸ್ಸಿಗೆ ಹೊಂದಿಸಬೇಕಾಗುತ್ತದೆ. ಮೊದಲ ಕೆಲವು ತಿಂಗಳು ಟಿಪ್ಪಣಿ ಸಾಕು, ಕರಡಿನ ಹಂಬಲ ಬೇಡ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಲಗುವ ಹೊತ್ತು ಒಂದು ಕ್ರಮಕ್ಕೆ ಬಂದಾಗ ಸಣ್ಣಕಥೆ ಹಿಡಿಯಬಹುದು. ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಲೇ ಬರೆದ ಕೆನಡಾದ ಆಲಿಸ್ ಮನ್ರೊ ಅವರ ಮೊದಲ ಸಂಕಲನ 1968ರಲ್ಲಿ ಬಂತು. ಕೊನೆಯವರೆಗೂ ಸಣ್ಣಕಥೆಯಲ್ಲೇ ನಿಂತ ಅವರಿಗೆ 2013ರಲ್ಲಿ ನೊಬೆಲ್ ಸಂದಿತು. ಹಾಸನದ ಬಾನು ಮುಷ್ತಾಕ್ ವಕೀಲಿ ವೃತ್ತಿ, ಸಂಸಾರ ಎರಡರ ನಡುವೆ ಬರೆದವರು. 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ ‘ಹಾರ್ಟ್ ಲ್ಯಾಂಪ್’ನಲ್ಲಿರುವ ಹನ್ನೆರಡು ಕಥೆಗಳು ಮೂರು ದಶಕಕ್ಕೂ ಹೆಚ್ಚಿನ ಅವಧಿಯಲ್ಲಿ ಬರೆದವು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ. ವಯಸ್ಸು ಮೀರಿತೆಂಬ ಆತಂಕ ಇಟ್ಟುಕೊಳ್ಳಬೇಕಾಗಿಲ್ಲ.

ಕಚೇರಿಯ ವಿಷಯದಲ್ಲಿ ಎರಡು ಎಚ್ಚರ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು ಮಾಲೀಕರದು. ಆದ್ದರಿಂದ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಕಥೆ ಬರೆಯದಿರುವುದು, ನೇಮಕಾತಿ ಪತ್ರದ ಷರತ್ತು ಓದಿಕೊಳ್ಳುವುದು ಒಳ್ಳೆಯದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಆಗೀಗಿನ ಸಾಹಿತ್ಯ ಕೆಲಸಕ್ಕೆ ಮುಂಗಡ ಅನುಮತಿ ಕೇಳುವುದಿಲ್ಲ. ಆದರೆ ಕಚೇರಿ ಕೆಲಸ ಕೆಡಬಾರದು. ಉಳಿದವರು ತಮ್ಮ ಇಲಾಖೆಯ ನಿಯಮ ನೋಡಿಕೊಳ್ಳಲಿ.

ಮಕ್ಕಳ ಬಗ್ಗೆಯೇ ಬರೆಯುವವರಿಗೆ ಇನ್ನೊಂದು ಕೆಲಸವಿದೆ. ಪ್ರಬಂಧದಲ್ಲಿ ಮಗುವಿನ ನಿಜ ಹೆಸರು, ಶಾಲೆ, ಕಾಯಿಲೆ ಹಾಕಬೇಡಿ. ಓದಲು ಬರುವ ಮಗುವಾದರೆ ಪತ್ರಿಕೆಗೆ ಕಳಿಸುವ ಮುನ್ನ ಅದಕ್ಕೆ ತೋರಿಸಿ. ಬೇಡ ಎಂದ ಭಾಗವನ್ನು, ಎಷ್ಟೇ ಚೆನ್ನಾಗಿ ಬಂದಿದ್ದರೂ, ತೆಗೆದುಬಿಡಿ.