ನ್ಯಾನೋ ಸೆಲ್ಯುಲೋಸ್ ಯಂತ್ರ: ಸಾಲ ಮಾಡುವ ಮೊದಲು ನಾಲ್ಕು ಮಾತು

ಹತ್ತಿ, ಕಬ್ಬು, ಬಾಳೆ, ಅಡಿಕೆ ಸಿಪ್ಪೆ – ಯಾವ ಸಸ್ಯವನ್ನೇ ತೆಗೆದುಕೊಳ್ಳಿ, ಅದಕ್ಕೆ ಗಟ್ಟಿತನ ಕೊಡುವುದು ಸೆಲ್ಯುಲೋಸ್. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಇದನ್ನು ಗುರುತಿಸಿದ. ಆ ನಾರನ್ನು ಸೀಳುತ್ತಾ ಹೋದರೆ ತಲೆಗೂದಲಿಗಿಂತ ಸಾವಿರ ಪಟ್ಟು ತೆಳುವಾದ ಎಳೆಗಳು ಸಿಗುತ್ತವೆ. ಅದೇ ನ್ಯಾನೋ ಸೆಲ್ಯುಲೋಸ್. ಕಾಗದ, ಬಣ್ಣ, ಪ್ಯಾಕಿಂಗ್ ಹಾಳೆಗಳಿಗೆ ಬಲ ಕೊಡಲು ಇದನ್ನು ಬಳಸಬಹುದು.

ಸಾಸವಡದಲ್ಲಿ ನೆಲೆಸಿರುವ ನಾನು ಪ್ರಯೋಗಾಲಯದ ಯಂತ್ರಗಳ ದುರಸ್ತಿ ಮಾಡುವವನು. ಜೇಜುರಿ ಖಂಡೋಬನ ದರ್ಶನಕ್ಕೆ ಬಂದು ನಮ್ಮಲ್ಲಿ ಉಳಿದಿದ್ದ ಅಥಣಿಯ ಚಿಕ್ಕಪ್ಪನ ಮಗ ಕೇಳಿದ: "ಯಣ್ಣಾ, ಕಬ್ಬಿನ ಸಿಪ್ಪಿ ನಮ್ಮ ಕಡೆ ಬೇಕಾದಷ್ಟು ಐತಿ. ಹೊಲದ ಮ್ಯಾಲೆ ಸಾಲ ತಗದು ಈ ಮಿಷನ್ ಹಾಕಿದ್ರ ಹೆಂಗ?" ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಶ್ನೆ ಊರಿನಿಂದ ನಿಮಗೂ ಬರಬಹುದು.

ಈ ಕೆಲಸಕ್ಕೆ ಮೊದಲು ಒದಗಿದ್ದು ಹಾಲಿನ ಡೈರಿಯ ಯಂತ್ರ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಟರ್ಬಾಕ್ ಮತ್ತು ಸಂಗಡಿಗರು ಮರದ ತಿರುಳನ್ನು ನೀರಿನಲ್ಲಿ ಕಲಸಿ ಹೋಮೋಜನೈಸರ್‌ಗೆ ಹಾಕಿದರು. ನೂರಾರು ಬಾರ್ ಒತ್ತಡದಲ್ಲಿ ಕಿರಿದಾದ ಸಂದಿಯಿಂದ ಹಾಯ್ದ ನಾರು ಸೀಳಿ, ಗಂಜಿಯಂಥ ಜೆಲ್ ಆಯಿತು. ತೊಂದರೆ ಒಂದೇ: ಉದ್ದ ನಾರು ಹಾಕಿದರೆ ಸಂದಿ ಕಟ್ಟಿಕೊಳ್ಳುತ್ತದೆ. ನನ್ನ ಬಳಿ ದುರಸ್ತಿಗೆ ಬರುವ ಹೋಮೋಜನೈಸರ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ.

ಇನ್ನೊಂದು ಯಂತ್ರ ನಮ್ಮ ಬೀಸುವ ಕಲ್ಲಿನ ತಮ್ಮ. ಒಂದು ಕಲ್ಲು ಸ್ಥಿರ, ಇನ್ನೊಂದು ತಿರುಗುತ್ತದೆ. ನಡುವೆ ನಾರು ಮತ್ತೆ ಮತ್ತೆ ಹಾಯಬೇಕು. ಇದು ಅಷ್ಟಾಗಿ ಕಟ್ಟಿಕೊಳ್ಳುವುದಿಲ್ಲ, ಆದರೆ ಕಲ್ಲು ಸವೆಯುತ್ತದೆ.

ಮೂರನೆಯದು ಆಮ್ಲದ ದಾರಿ. ಶೇ. 64ರಷ್ಟು ಗಂಧಕಾಮ್ಲದಲ್ಲಿ, ಸುಮಾರು 45 ಡಿಗ್ರಿ ಶಾಖದಲ್ಲಿ, ಮುಕ್ಕಾಲು ಗಂಟೆ ಕಲಕಿದರೆ ನಾರಿನ ಸಡಿಲ ಭಾಗ ಕರಗಿ ಸೂಜಿಯಂಥ ಹರಳುಗಳು ಉಳಿಯುತ್ತವೆ. ಇದಕ್ಕೆ ಗಾಜಿನ ಪಾತ್ರೆ, ಸೆಂಟ್ರಿಫ್ಯೂಜ್, ಆಮ್ಲ ತೊಳೆಯುವ ಡಯಾಲಿಸಿಸ್ ಕೊಳವೆ, ಸೋನಿಕೇಟರ್ ಬೇಕು. ತೊಳೆಯುವುದಕ್ಕೇ ದಿನಗಳು ಹಿಡಿಯುತ್ತವೆ.

ಆದರೆ ಖರ್ಚು ಈ ಯಂತ್ರಗಳಿಗೇ ಮುಗಿಯುವುದಿಲ್ಲ. ಹತ್ತಿ ಬೀಜಕ್ಕೆ ಅಂಟಿದ ಗಿಡ್ಡ ನಾರು ಬಹುಪಾಲು ಸೆಲ್ಯುಲೋಸೇ. ಕಬ್ಬಿನ ಸಿಪ್ಪೆಯಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪು ಮಾಡಿ ತೆಗೆಯಬೇಕು. ಆ ಕಪ್ಪು ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಶುದ್ಧೀಕರಣ ಘಟಕ ಬೇಕು. ಕರೆಂಟ್ ಇನ್ನೊಂದು ಹೊರೆ. ಮುಂಚಿತ ಸಂಸ್ಕರಣೆ ಇಲ್ಲದೆ ಹೋಮೋಜನೈಸರ್‌ನಲ್ಲೇ ಸೀಳಿದರೆ ಒಣ ನಾರಿನ ಕಿಲೋಗೆ 25 ಯೂನಿಟ್ ಮೀರುವುದುಂಟು. ಕಿಣ್ವ ಬಳಸಿದರೆ ಬಹಳ ಇಳಿಯುತ್ತದೆ.

ಸಿಕ್ಕ ಜೆಲ್‌ನಲ್ಲಿ ನೂರಕ್ಕೆ 97-98 ಪಾಲು ನೀರು. ದೂರ ಸಾಗಿಸಿದರೆ ನೀರಿಗೇ ಬಾಡಿಗೆ ಕಟ್ಟಿದಂತೆ. ಬಿಸಿಲಿಗೆ ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿ, ಮತ್ತೆ ನೀರಿಗೆ ಹಾಕಿದರೂ ಬಿಡಿಸಿಕೊಳ್ಳುವುದಿಲ್ಲ. ಫ್ರೀಜ್ ಡ್ರೈಯರ್ ಬೇಕೆಂದರೆ ಅದಕ್ಕೆ ಬೇರೆ ದುಡ್ಡು.

ಹಾಗೆಂದು ಇದು ಬರೀ ಕನಸಲ್ಲ. ಮುಂಬೈ ಮಾಟುಂಗಾದಲ್ಲಿ 1924ರಿಂದ ಇರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಹತ್ತಿಯ ಗಿಡ್ಡ ನಾರಿನಿಂದ ದಿನಕ್ಕೆ 10 ಕಿಲೋ ನ್ಯಾನೋ ಸೆಲ್ಯುಲೋಸ್ ಮಾಡುವ ಪ್ರಾಯೋಗಿಕ ಘಟಕ ನಿಲ್ಲಿಸಿದೆ. ಸರಕಾರಿ ಸಂಸ್ಥೆಯೇ 10 ಕಿಲೋದಿಂದ ಶುರು ಮಾಡಿರುವಾಗ, ಹೊಲ ಅಡವಿಟ್ಟು ನಾವು ಟನ್ನಿನ ಮಾತು ಆಡಬಾರದು.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕೊಳ್ಳುವವರನ್ನು ಹುಡುಕಿ. ಆಮೇಲೆ ನಿಮ್ಮ ಸಿಪ್ಪೆಯ ಒಂದು ಚೀಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸಿಕ್ಕ ಮಾದರಿಯನ್ನು ಆ ಗಿರಾಕಿಗೆ ತೋರಿಸಿ. ಅವರು ಲಿಖಿತವಾಗಿ ಬೆಲೆ ಹೇಳಿದ ಮೇಲೆ ಯಂತ್ರದ ಕೊಟೇಶನ್ ತರಿಸಿ. ಯಂತ್ರ ಮಾರುವವರು ಈ ಕ್ರಮವನ್ನು ತಿರುಗಿಸಿ ಹೇಳಿದರೆ ಬ್ಯಾಂಕಿಗೆ ಹೋಗಬೇಡಿ.