ಕೊಯ್ಲಿನ ಮಾತುಕತೆಗೆ ಸ್ಪೀಕರ್ ಫೋನ್: ಕೊಳ್ಳುವಾಗ ನೋಡಬೇಕಾದದ್ದು

ಅಡಿಕೆ ಕೊನೆ ತೆಗೆಯುವ ಕೆಲಸ ಮುಗಿದಿರುವುದಿಲ್ಲ, ಅಷ್ಟರಲ್ಲಿ ಅರೇಬಿಕಾ ಹಣ್ಣಾಗತೊಡಗುತ್ತದೆ. ಆಗ ಮಲೆನಾಡಿನ ಸಣ್ಣ ಬೆಳೆಗಾರರಾದ ನಮಗೆ ಕೊಪ್ಪಳ ಸೀಮೆಯ ನೆನಪಾಗುತ್ತದೆ. ಗಂಗಾವತಿಯ ಕಾಲುವೆ ಭಾಗದಲ್ಲಿ ಅದೇ ಹೊತ್ತಿಗೆ ಭತ್ತದ ಕೊಯ್ಲು ಇರುವುದರಿಂದ ಅಲ್ಲಿಯವರನ್ನು ನಾವು ಕೇಳುವುದು ಕಡಮೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಿಂದ ಗುಂಪು ಕಟ್ಟಿಕೊಂಡು ಬರುವವರೇ ನಮ್ಮ ತೋಟಕ್ಕೆ ಆಧಾರ. ಹಿಂದೆ ಮೇಸ್ತ್ರಿ ಖುದ್ದಾಗಿ ಬಂದು, ಜಗಲಿಯಲ್ಲಿ ಕುಳಿತು, ದರ ಮುಗಿಸಿಕೊಂಡು ಹೋಗುತ್ತಿದ್ದರು. ಈಗ ಆ ಮಾತೆಲ್ಲ ಮನೆಯ ಲೆಕ್ಕದ ಕೋಣೆಯಿಂದ ಫೋನಿನಲ್ಲೇ ಆಗುತ್ತದೆ.

ಮೇಸ್ತ್ರಿಯೊಬ್ಬರೇ ಕೇಳಿಸಿಕೊಂಡರೆ ಸಾಲದು, ಕೊಯ್ಯುವವರೆಲ್ಲ ಕೇಳಲಿ ಎಂದು ನಾವು ಕೆಲವು ವರ್ಷಗಳಿಂದ ಎಲ್ಲರನ್ನೂ ಕೂರಿಸಿಕೊಂಡೇ ಮಾತಾಡುತ್ತಿದ್ದೇವೆ. ಅದಕ್ಕೆಂದು ಮೊದಲು ಕೊಂಡದ್ದು ಹಾಡು ಕೇಳುವ ಒಂದು ಬ್ಲೂಟೂತ್ ಪೆಟ್ಟಿಗೆ. ಸದ್ದೇನೋ ಭರ್ಜರಿಯಾಗಿತ್ತು. ಮೂರು ಕೊಯ್ಲಿನ ಹಿಂದೆ ಅದರಲ್ಲಿ ನಾವು ಹೇಳಿದ ಮಾತು ಇಷ್ಟು: "ಬರೋ ಚಾರ್ಜು ನಾವು ಕೊಡ್ತೀವಿ, ವಾಪಸ್ ಹೋಗೋ ಚಾರ್ಜು ಕೊಡೋದಿಲ್ಲ." ಯಲಬುರ್ಗಾ ಕಡೆಯ ಕಟ್ಟೆಯ ಮೇಲೆ ಕುಳಿತಿದ್ದ ಇಪ್ಪತ್ತು ಜನಕ್ಕೆ ಕೇಳಿಸಿದ್ದು "ಕೊಡೋದು" ಎಂಬಲ್ಲಿಯವರೆಗೆ ಮಾತ್ರ. ಕೊಯ್ಲು ಮುಗಿದು ಗಂಟುಮೂಟೆ ಕಟ್ಟಿದ ದಿನ ಆ ಮಾತು ಎದ್ದಿತು. ಅವರು ಸುಳ್ಳು ಹೇಳಲಿಲ್ಲ, ನಾವೂ ಹೇಳಿರಲಿಲ್ಲ. ಚಾರ್ಜು ಕೊಟ್ಟೆವು. ಆದರೆ ಎರಡು ಕಡೆಯೂ ಮನಸ್ಸು ಕಹಿಯಾಯಿತು, ಮುಂದಿನ ವರ್ಷ ಆ ಗುಂಪಿನಲ್ಲಿ ಅರ್ಧ ಜನ ಬರಲಿಲ್ಲ.

ಹೀಗೇಕಾಯಿತೆಂದು ವಿಚಾರಿಸಿದಾಗ ತಿಳಿದದ್ದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಧ್ವನಿವರ್ಧಕವೂ ಮೈಕೂ ಒಂದೇ ಪೆಟ್ಟಿಗೆಯಲ್ಲಿದ್ದರೆ, ಆ ಕಡೆಯವರ ಮಾತು ಇಲ್ಲಿ ಹೊರಬಿದ್ದು, ಇಲ್ಲಿಯ ಮೈಕಿಗೆ ಹೊಕ್ಕು, ಮತ್ತೆ ಅವರ ಕಿವಿಗೇ ಹೋಗುತ್ತದೆ. ಇದನ್ನು ತಡೆಯಲು ಎರಡು ದಾರಿ. ಅಗ್ಗದ ಪೆಟ್ಟಿಗೆಗಳಲ್ಲಿ ಆ ಕಡೆಯಿಂದ ಸದ್ದು ಬಂದೊಡನೆ ಈ ಕಡೆಯ ಮೈಕು ತಗ್ಗುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ. ಆ ಕಡೆ ಯಾರೋ ನಕ್ಕರೆ, ಮಗು ಅತ್ತರೆ ನಮ್ಮ ಮಾತಿನ ಬಾಲ ಕತ್ತರಿಸಿತೆಂದೇ ಲೆಕ್ಕ. ಕನ್ನಡದಲ್ಲಿ ಇದು ಹೆಚ್ಚು ಅಪಾಯ, ಏಕೆಂದರೆ ನಮ್ಮಲ್ಲಿ 'ಇಲ್ಲ' ಎಂಬುದು ಮಾತಿನ ಕೊನೆಗೇ ಬರುವುದು. ಇನ್ನೊಂದು ದಾರಿಯಲ್ಲಿ, ತಾನು ಹೊರಹಾಕಿದ ಸದ್ದು ಯಾವುದೆಂದು ಯಂತ್ರಕ್ಕೆ ಗೊತ್ತಿರುವುದರಿಂದ, ಮೈಕಿಗೆ ಬಂದದ್ದರಲ್ಲಿ ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಕಳಿಸುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೂ ಇಬ್ಬರದೂ ಕೇಳುತ್ತದೆ. ಇದಕ್ಕೆ ಫುಲ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಸಭೆಯ ಮಾತಿಗೆಂದೇ ಮಾಡಿದ ಸ್ಪೀಕರ್ ಫೋನುಗಳಲ್ಲಿ ಹುಡುಕಬೇಕಾದ ಮುಖ್ಯ ಗುಣ ಇದು.

ಡಬ್ಬದ ಮೇಲಿನ ಬರಹವನ್ನು ನಂಬಿ ಕೊಳ್ಳಬೇಡಿ. ಅಂಗಡಿಯಿಂದಲೇ ಮನೆಗೆ ಕರೆ ಮಾಡಿ, ಮನೆಯವರು ನಿಲ್ಲಿಸದೆ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಿರಲಿ. ಆ ಹೊತ್ತಿನಲ್ಲೇ ತಾವು "ಕೊಡುತ್ತೇವೆ, ಕೊಡುವುದಿಲ್ಲ, ಬರುತ್ತೇವೆ, ಬರುವುದಿಲ್ಲ" ಎಂದು ಹೇಳಿ. ಅವರಿಗೆ ನಾಲ್ಕೂ ಪೂರ್ತಿ ಕೇಳಿಸಿ, ತಮಗೆ ಇಪ್ಪತ್ತೂ ಕೇಳಿಸಿದರೆ ಆ ಯಂತ್ರ ಆದೀತು. ಅಂಗಡಿಯವರು ಮುಖ ಗಂಟಿಕ್ಕಬಹುದು, ಪರವಾಗಿಲ್ಲ. ಬೆಲೆ ಹಾಡಿನ ಪೆಟ್ಟಿಗೆಗಿಂತ ಹೆಚ್ಚು. ನೆರೆಯ ಎರಡು ಮೂರು ತೋಟದವರು ಸೇರಿ ಒಂದು ಕೊಂಡರೂ ನಡೆಯುತ್ತದೆ.

ಮೈಕು ಒಂದೇ ಬದಿಗಿದ್ದರೆ ಒಬ್ಬರಿಗೆ ಸಾಕು. ಯಜಮಾನರು, ಮನೆಯವರು, ರೈಟರು ಸುತ್ತ ಕೂರುವುದಾದರೆ ಎಲ್ಲ ದಿಕ್ಕಿನಿಂದಲೂ ಹಿಡಿಯುವ ಮೈಕುಗಳಿರಬೇಕು. ಎಷ್ಟೇ ಒಳ್ಳೆಯದಾದರೂ ದೂರ ಇಟ್ಟರೆ ಕೆಟ್ಟಿತು: ಬಾಯಿಯಿಂದ ಮೈಕಿನ ದೂರ ಇಮ್ಮಡಿಯಾದರೆ ನೇರವಾಗಿ ತಲುಪುವ ಧ್ವನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಮೊಳದ ಒಳಗಿರಲಿ. ಸಿಮೆಂಟಿನ ಬರಿಗೋಡೆಯ ಕೋಣೆಯಲ್ಲಿ ಮಾತು ಮೊಳಗುತ್ತದೆ. ಅಡಿಕೆ ಚೀಲ ಪೇರಿಸಿಟ್ಟ ಕೋಣೆಯಲ್ಲಿ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆಂಬುದು ನಮಗೂ ಆಶ್ಚರ್ಯವಾಯಿತು. ಮೇಜಿನ ಮೇಲೆ ಮಡಿಸಿದ ಕಂಬಳಿ ಹಾಸಿ, ಅದರ ಮೇಲೆ ಯಂತ್ರವನ್ನಿಡಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮಾತ್ರ ಯಾವ ಯಂತ್ರವೂ ಪ್ರಯೋಜನಕ್ಕಿಲ್ಲ.

ಸಿಗ್ನಲ್ ಇಲ್ಲದ ಕಡೆ ಸ್ಪೀಕರ್ ಫೋನು ಸಿಗ್ನಲ್ ತರುವುದಿಲ್ಲ. ಆದರೆ ನಮ್ಮಂಥ ಕಣಿವೆಯ ಮನೆಗಳಿಗೆ ಅದರಿಂದ ಬೇರೊಂದು ಅನುಕೂಲವಿದೆ. ಬ್ಲೂಟೂತ್ ಸಾಮಾನ್ಯವಾಗಿ 10 ಮೀಟರ್‌ವರೆಗೆ ಮುಟ್ಟುತ್ತದೆ, ನಡುವೆ ಗೋಡೆಯಿದ್ದರೆ ಕಡಮೆ. ಫೋನನ್ನು ಸಿಗ್ನಲ್ ಸಿಗುವ ಕಿಟಕಿಯಲ್ಲಿಟ್ಟು, ಲೆಕ್ಕದ ಪುಸ್ತಕ ಬಿಡಿಸಿಕೊಂಡು ಮೇಜಿನ ಮುಂದೆ ಕುಳಿತೇ ಮಾತಾಡಬಹುದು. ಹೊರಗೆ ಗೇಟಿನ ಹತ್ತಿರ ನಿಂತು ಕೂಗುವುದು ತಪ್ಪಿತು.

ಇನ್ನು ಆ ಕಡೆಯ ವಿಚಾರ. ನಮ್ಮ ಮಟ್ಟಿಗೆ ಹೆಚ್ಚು ಉಪಯೋಗವಾದದ್ದು ನಮ್ಮ ಮನೆಗೆ ತಂದ ಯಂತ್ರಕ್ಕಿಂತ ಮೇಸ್ತ್ರಿಯ ಕೈಗೆ ಕೊಟ್ಟ ಇನ್ನೊಂದು. ಅದುವರೆಗೆ ಇಪ್ಪತ್ತು ಜನ ಒಂದು ಫೋನಿನ ಸಣ್ಣ ಸ್ಪೀಕರಿಗೆ ಕಿವಿಗೊಡುತ್ತಿದ್ದರು. ಮುಂದೆ ಕುಳಿತ ಗಂಡಸರಿಗೆ ಕೇಳಿಸುತ್ತಿತ್ತು, ಹಣ್ಣು ಕೊಯ್ಯುವ ಹೆಂಗಸರು ಹಿಂದೆ ಉಳಿಯುತ್ತಿದ್ದರು. ಅಲ್ಲಿಗೆ ಕೊಡುವ ಯಂತ್ರ ಮಲೆನಾಡಿನದಲ್ಲ, ಬಯಲುಸೀಮೆಯ ಧೂಳಿಗೂ ಬಿಸಿಲಿಗೂ ತಡೆಯಬೇಕು. ಐ.ಪಿ. ಎಂಬ ಗುರುತಿನ ಮುಂದೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಕುಷ್ಟಗಿ ಕಡೆಗೆ ಮೊದಲಿನ ಅಂಕಿ 5 ಅಥವಾ 6 ಇರುವುದನ್ನು ಆರಿಸಿ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ಲಿಥಿಯಂ ಬ್ಯಾಟರಿಯ ಯಂತ್ರವನ್ನು ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ಬ್ಯಾಟರಿ ಬೇಗ ಸೋಲುತ್ತದೆ. ನಮ್ಮ ದೇಶದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಆರಂಭವಾಯಿತು. ಹವಾನಿಯಂತ್ರಣವಿಲ್ಲದೆ ಸೆಕೆ, ಧೂಳಿನಲ್ಲಿ ನಡೆಯುವಂತೆ ಮಾಡಿದ್ದೇ ಅದರ ಹೆಚ್ಚುಗಾರಿಕೆ. ಇಂದಿನ ಹೊಳೆಯುವ ಪೆಟ್ಟಿಗೆಗಳನ್ನು ಮಾಡುವವರು ಅಷ್ಟು ಯೋಚಿಸಿರುತ್ತಾರೆಯೇ ಎಂದು ನಮಗೆ ಅನುಮಾನ.

ಬಯಲಿನ ಗಾಳಿ ಮೈಕಿಗೆ ಬಡಿದರೆ ಬರೀ ಭೋರ್ಗರೆತ ಕೇಳುತ್ತದೆ. ಬೇವಿನ ಮರದ ಕಟ್ಟೆಗಿಂತ ಗುಡಿಯ ಒಳಪಡಸಾಲೆ ಲೇಸು ಎಂದು ಮೇಸ್ತ್ರಿಗೆ ಹೇಳಿದ್ದೇವೆ. ಅವರ ಫೋನು ಹಳೆಯ 2ಜಿ ಆಗಿದ್ದರೆ ಧ್ವನಿ 3400 ಹರ್ಟ್ಸ್‌ಗಿಂತ ಮೇಲಕ್ಕೆ ಹೋಗುವುದಿಲ್ಲ, ಸ-ಶ-ಫ ಒಂದೇ ಬಗೆ ಕೇಳುತ್ತವೆ. ಆಗ ದುಬಾರಿ ಯಂತ್ರಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಎರಡೂ ಕಡೆ 4ಜಿ ಕರೆಯಾದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಮಾತನ್ನು ಧ್ವನಿಮುದ್ರಿಸುವುದಾದರೆ ಮೊದಲೇ ಅವರಿಗೆ ಹೇಳಿ ಒಪ್ಪಿಗೆ ಪಡೆಯಿರಿ.

ದರ, ತೂಕದ ಲೆಕ್ಕ, ಅಕ್ಕಿ, ಲೈನು ಮನೆ, ಬಸ್ ಚಾರ್ಜು, ಇವನ್ನು ನಾವು ಒಂದೊಂದಾಗಿ ಹೇಳಿ ಆ ಕಡೆಯ ಹೆಂಗಸರೊಬ್ಬರಿಂದ ತಿರುಗಿ ಹೇಳಿಸುತ್ತೇವೆ, ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಳೆದ ಕೊಯ್ಲಿಗೆ ಮುಂಚೆ ಹೀಗೆ ಮಾತಾಡುವಾಗ, ಅದುವರೆಗೆ ನಾವು ಧ್ವನಿಯನ್ನೇ ಕೇಳಿರದ ಹಿರಿಯ ಹೆಣ್ಣುಮಗಳೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: "ಸಾವ್ಕಾರ್ರ, ವಾಪಸ್ ಚಾರ್ಜ್ ಯಾರ್ದ್ರೀ?" ನಮ್ಮದೇ ಎಂದೆವು. ಅದನ್ನೂ ಅವರಿಂದಲೇ ತಿರುಗಿ ಹೇಳಿಸಿದೆವು.